ಚಮಚದ ಬೆನ್ನ ಮೇಲಿನ ಚರಿತ್ರೆ

ಬೆಳ್ಳಿಯ ಹಳೆಯ ಚಮಚವೊಂದನ್ನು ಪೇಟೆಗೆ ಒಯ್ದರೆ ಅಂಗಡಿಯವರು ಮೊದಲು ಮಾಡುವ ಕೆಲಸ ಅದನ್ನು ತಕ್ಕಡಿಗೆ ಹಾಕುವುದು. ಎಷ್ಟು ಗ್ರಾಂ ತೂಗಿತು, ಅಂದಿನ ದರವೆಷ್ಟು, ಬೆರಕೆಯ ಬಾಬ್ತು ಕಳೆಯಬೇಕಾದದ್ದೆಷ್ಟು ಎಂಬ ಲೆಕ್ಕ ಮುಗಿದರೆ ಬೆಲೆಯೂ ಮುಗಿಯಿತು. ಅದೇ ಚಮಚ ಹಳೆಯ ಬೆಳ್ಳಿಯನ್ನು ಬಲ್ಲ ಸಂಗ್ರಾಹಕರ ಕೈಗೆ ಬಂದರೆ ಅವರು ತಕ್ಕಡಿಯನ್ನು ಹುಡುಕುವುದಕ್ಕೆ ಮೊದಲು ಅದನ್ನು ಮಗುಚಿ, ಹಿಡಿಯ ಹಿಂಬದಿಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ತಯಾರಾದ ಚಮಚವಾದರೆ ಅಲ್ಲಿ ಅಕ್ಕಿಕಾಳಿನಷ್ಟು ಪುಟ್ಟದಾದ ನಾಲ್ಕೈದು ಮುದ್ರೆಗಳಿರುತ್ತವೆ. ನಡೆಯುತ್ತಿರುವ ಸಿಂಹ, ಚಿರತೆಯ ತಲೆ, ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರ, ಅರಸನ ಮುಖ, ಯಾರದೋ ಹೆಸರಿನ ಮೊದಲಕ್ಷರಗಳು. ಇವಿಷ್ಟನ್ನು ಓದಬಲ್ಲವರಿಗೆ ಆ ಚಮಚ ಯಾವ ಊರಿನಲ್ಲಿ, ಯಾವ ವರ್ಷ, ಯಾರ ಕಾರ್ಖಾನೆಯಲ್ಲಿ ತಯಾರಾಯಿತು ಎಂಬುದು ತಿಳಿಯುತ್ತದೆ.

ಇನ್ನೂರೈವತ್ತು ವರ್ಷ ಹಳೆಯ ಕುರ್ಚಿಯೊಂದರ ಅಥವಾ ಗಾಜಿನ ಲೋಟವೊಂದರ ವಯಸ್ಸನ್ನು ಹೀಗೆ ಖಚಿತವಾಗಿ ಹೇಳುವುದು ಪರಿಣತರಿಗೂ ಕಷ್ಟ. ಊಟದ ಮೇಜಿನ ಮೇಲಿನ ಒಂದು ಪುಟ್ಟ ಚಮಚಕ್ಕೆ ಮಾತ್ರ ಈ ಭಾಗ್ಯ ಹೇಗೆ ಒದಗಿತು? ಇದಕ್ಕೆ ಉತ್ತರ ಹುಡುಕಹೊರಟರೆ ಒಂದು ಸೋಜಿಗ ಎದುರಾಗುತ್ತದೆ. ಬೆಳ್ಳಿಯ ಮೇಲೆ ಈ ಮುದ್ರೆಗಳನ್ನು ಒತ್ತಿದವರಿಗೆ ಚರಿತ್ರೆಯನ್ನು ಉಳಿಸುವ ಉದ್ದೇಶವೇ ಇರಲಿಲ್ಲ. ಲೋಹ ಶುದ್ಧವೋ ಅಲ್ಲವೋ, ತಪ್ಪಾದರೆ ಯಾರನ್ನು ಹಿಡಿಯಬೇಕು, ತೆರಿಗೆ ಸಂದಾಯವಾಗಿದೆಯೋ ಇಲ್ಲವೋ ಎಂಬ ಮೂರು ಲೌಕಿಕ ಪ್ರಶ್ನೆಗಳಿಗೆ ಉತ್ತರವಾಗಿ ಅವು ಹುಟ್ಟಿದವು.

ಕರಗುವುದೇ ನಿಯಮ

ಬ್ಯಾಂಕುಗಳು ಇಲ್ಲದಿದ್ದ ಕಾಲದಲ್ಲಿ ಯೂರೋಪಿನ ಅನುಕೂಲಸ್ಥರ ಉಳಿತಾಯ ಬೆಳ್ಳಿಯ ಪಾತ್ರೆಗಳ ರೂಪದಲ್ಲಿರುತ್ತಿತ್ತು. ನಮ್ಮಲ್ಲಿ ಹೆಣ್ಣುಮಕ್ಕಳ ಮೈಮೇಲಿನ ಒಡವೆ ಕಷ್ಟಕಾಲದ ಗಂಟೂ ಆಗಿರುವಂತೆ, ಅಲ್ಲಿ ತಟ್ಟೆ, ಬಟ್ಟಲು, ಚಮಚಗಳು ಊಟಕ್ಕೂ ಆದವು, ಆಪತ್ತಿಗೂ ಆದವು. ಹಣ ಬೇಕಾದಾಗ ಅವನ್ನು ಕರಗಿಸಿ ನಾಣ್ಯ ಮಾಡಿಸುತ್ತಿದ್ದರು. ಕೈಯಲ್ಲಿ ನಾಣ್ಯ ಹೆಚ್ಚಾದಾಗ ಅದನ್ನೇ ಕರಗಿಸಿ ಪಾತ್ರೆ ಮಾಡಿಸುತ್ತಿದ್ದರು. ಹಳೆಯ ಮಾದರಿ ಬೇಸರವಾದಾಗಲೂ ಅಕ್ಕಸಾಲಿಗನಿಗೆ ಕೊಟ್ಟು ಹೊಸದನ್ನು ಪಡೆಯುವುದು ವಾಡಿಕೆಯಾಗಿತ್ತು. ಆಗ ಲೋಹದ ತೂಕಕ್ಕಷ್ಟೇ ಬೆಲೆ; ಹಿಂದೆ ಕೊಟ್ಟ ಮಜೂರಿ ನಷ್ಟವೇ.

ಇದರ ಜೊತೆಗೆ ಯುದ್ಧಗಳೂ ಬೆಳ್ಳಿಯನ್ನು ನುಂಗಿದವು. 1642ರಲ್ಲಿ ಇಂಗ್ಲೆಂಡಿನಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ನಡುವೆ ಅಂತರ್ಯುದ್ಧ ಆರಂಭವಾದಾಗ ಎರಡೂ ಪಕ್ಷಗಳು ಸೈನಿಕರ ಸಂಬಳಕ್ಕಾಗಿ ಮನೆಮನೆಯ ಬೆಳ್ಳಿಯನ್ನು ಕೇಳಿದವು. ಆಕ್ಸ್‌ಫರ್ಡಿನಲ್ಲಿ ನೆಲೆಸಿದ್ದ ಒಂದನೆಯ ಚಾರ್ಲ್ಸ್ ಅರಸನಿಗೆ ಅಲ್ಲಿನ ಕಾಲೇಜುಗಳು ತಲೆಮಾರುಗಳಿಂದ ಕೂಡಿಟ್ಟಿದ್ದ ಬೆಳ್ಳಿಯನ್ನು ಒಪ್ಪಿಸಿದವು. ಅದು ಅದೇ ಊರಿನ ಟಂಕಸಾಲೆಯಲ್ಲಿ ನಾಣ್ಯವಾಯಿತು. ಫ್ರಾನ್ಸಿನಲ್ಲಿ 14ನೆಯ ಲೂಯಿ 1689ರಲ್ಲಿ ಯುದ್ಧದ ಖರ್ಚಿಗಾಗಿ ವರ್ಸೈ ಅರಮನೆಯ ಬೆಳ್ಳಿಯ ಪೀಠೋಪಕರಣಗಳನ್ನೇ ಕರಗಿಸಿದ. ಅರಮನೆಯ ಮೇಜುಗಳಿಗೇ ಈ ಗತಿಯಾದ ಮೇಲೆ ಚಮಚಗಳ ಪಾಡು ಹೇಳಬೇಕಾಗಿಲ್ಲ.

ಇಂದು ವಸ್ತುಸಂಗ್ರಹಾಲಯಗಳಲ್ಲೂ ಹರಾಜು ಮಳಿಗೆಗಳಲ್ಲೂ ಕಾಣುವ ಹಳೆಯ ಬೆಳ್ಳಿ ಹೀಗೆ ಮೂಸೆಯ ಬಾಯಿಂದ ತಪ್ಪಿಸಿಕೊಂಡು ಉಳಿದದ್ದು. ಅದರ ಬೆಲೆಯನ್ನು ಕುರಿತ ಯಾವ ಮಾತೂ ಈ ಸಂಗತಿಯಿಂದಲೇ ಆರಂಭವಾಗಬೇಕು.

ಸಿಂಹ, ಚಿರತೆ ಮತ್ತು ಅಕ್ಷರ

ಅಪ್ಪಟ ಬೆಳ್ಳಿ ಬಹಳ ಮೆದು. ಬಳಕೆಯ ಪಾತ್ರೆಗೆ ಅದು ಆಗಿಬರುವುದಿಲ್ಲವಾದ್ದರಿಂದ ಸ್ವಲ್ಪ ತಾಮ್ರ ಬೆರೆಸುತ್ತಾರೆ. ಎಷ್ಟು ಬೆರೆಸಬೇಕು ಎಂಬಲ್ಲಿಯೇ ಮೋಸಕ್ಕೆ ಎಡೆ. ಚಿನ್ನದ ಬಣ್ಣವನ್ನು ಒರೆಗಲ್ಲಿನ ಮೇಲೆ ಕಂಡುಹಿಡಿಯುವಷ್ಟು ಸುಲಭವಾಗಿ ಬೆಳ್ಳಿಯ ಬೆರಕೆಯನ್ನು ಕಣ್ಣಳತೆಯಲ್ಲಿ ಕಂಡುಹಿಡಿಯಲಾಗದು. ಇಂಗ್ಲೆಂಡಿನ ಅರಸ ಒಂದನೆಯ ಎಡ್ವರ್ಡ್ 1300ರಲ್ಲಿ ಒಂದು ಶಾಸನ ಹೊರಡಿಸಿ, ಬೆಳ್ಳಿಯ ಸಾಮಾನುಗಳು ನಾಣ್ಯದ ಬೆಳ್ಳಿಯಷ್ಟೇ ಉತ್ತಮವಾಗಿರಬೇಕೆಂದೂ, ಪರೀಕ್ಷೆಯಾದ ಮೇಲೆ ಅವುಗಳಿಗೆ ಚಿರತೆಯ ತಲೆಯ ಮುದ್ರೆ ಬೀಳಬೇಕೆಂದೂ ವಿಧಿಸಿದ. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಇರಬೇಕೆನ್ನುವುದು ಆ ಮಟ್ಟ. ಇಂದಿಗೂ 'ಸ್ಟರ್ಲಿಂಗ್' ಎಂದರೆ ಇದೇ ಪ್ರಮಾಣ.

1363ರಲ್ಲಿ ಪ್ರತಿಯೊಬ್ಬ ಅಕ್ಕಸಾಲಿಗನೂ ತನ್ನದೇ ಗುರುತನ್ನು ಒತ್ತಬೇಕೆಂಬ ನಿಯಮ ಬಂದಿತು. ಓದು ಬಾರದ ಕಾಲದಲ್ಲಿ ಈ ಗುರುತು ಮೀನು, ನಕ್ಷತ್ರ ಮುಂತಾದ ಚಿತ್ರವಾಗಿರುತ್ತಿತ್ತು. ಮುಂದೆ ಹೆಸರಿನ ಮೊದಲಕ್ಷರಗಳಾದವು. 1478ರಲ್ಲಿ ಲಂಡನ್ನಿನ ಅಕ್ಕಸಾಲಿಗರ ಸಂಘ ತನ್ನ ಭವನದಲ್ಲೇ ಪರೀಕ್ಷಕನೊಬ್ಬನನ್ನು ಸಂಬಳ ಕೊಟ್ಟು ನೇಮಿಸಿತು. ಅಲ್ಲಿಯವರೆಗೆ ಪರೀಕ್ಷಕರು ಅಂಗಡಿಗಳಿಗೆ ಹೋಗುತ್ತಿದ್ದರು. ಅಂದಿನಿಂದ ಬೆಳ್ಳಿಯೇ ಆ ಭವನಕ್ಕೆ, ಅಂದರೆ 'ಹಾಲ್'ಗೆ ಬರಬೇಕಾಯಿತು. ನಮ್ಮ ಚಿನ್ನಬೆಳ್ಳಿಯ ಅಂಗಡಿಗಳಲ್ಲಿ ದಿನವೂ ಕೇಳಿಬರುವ 'ಹಾಲ್‌ಮಾರ್ಕ್' ಎಂಬ ಪದದ ಮೂಲ ಇದು.

ಆ ವರ್ಷವೇ ಅಕ್ಷರದ ಮುದ್ರೆಯೂ ಬಳಕೆಗೆ ಬಂದಿತು. ಒಂದು ವರ್ಷ ಎ, ಮರುವರ್ಷ ಬಿ, ಹೀಗೆ ಇಪ್ಪತ್ತು ಅಕ್ಷರಗಳು ಮುಗಿದ ಮೇಲೆ ಅಕ್ಷರದ ಬರಹವನ್ನೋ ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನೋ ಬದಲಿಸಿ ಮತ್ತೆ ಎ ಇಂದ ಆರಂಭ. ಮುಂದೆಂದಾದರೂ ಕಳಪೆ ಬೆಳ್ಳಿಗೆ ಮುದ್ರೆ ಬಿದ್ದದ್ದು ಪತ್ತೆಯಾದರೆ ಆ ವರ್ಷ ಹೊಣೆಗಾರನಾಗಿದ್ದ ಪರೀಕ್ಷಕ ಯಾರೆಂದು ಗುರುತಿಸುವುದು ಇದರ ಉದ್ದೇಶ. ಇಂದು ಸಂಗ್ರಾಹಕರಿಗೆ ತಯಾರಿಕೆಯ ವರ್ಷವನ್ನು ಹೇಳುವ ಅಕ್ಷರ ಅಂದು ತಪ್ಪಿತಸ್ಥನನ್ನು ಹಿಡಿಯಲು ಇಟ್ಟ ಗುರುತಾಗಿತ್ತು! ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳಿನಲ್ಲಾದ್ದರಿಂದ ಹಳೆಯ ಬೆಳ್ಳಿಯ ಕಾಲವನ್ನು 1776-77 ಎಂಬಂತೆ ಜೋಡಿ ವರ್ಷಗಳಲ್ಲಿ ಹೇಳುವುದು ರೂಢಿ. 1544ರಲ್ಲಿ ಇದಕ್ಕೆ ನಡೆಯುವ ಸಿಂಹದ ಮುದ್ರೆಯೂ ಸೇರಿತು. ಎಂಟನೆಯ ಹೆನ್ರಿ ನಾಣ್ಯದ ಬೆಳ್ಳಿಯನ್ನೇ ಕಲಬೆರಕೆ ಮಾಡತೊಡಗಿದ್ದ ದಿನಗಳವು.

ಪರೀಕ್ಷೆಯ ಕ್ರಮವೂ ಕುತೂಹಲಕರವಾದದ್ದು. ಸಾಮಾನಿನಿಂದ ಚೂರು ಬೆಳ್ಳಿ ಹೆರೆದು, ತೂಗಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಗೆ ಹಾಕುತ್ತಿದ್ದರು. ಸೀಸವೂ ತಾಮ್ರವೂ ಬೂದಿಯಲ್ಲಿ ಇಂಗಿ, ಅಪ್ಪಟ ಬೆಳ್ಳಿಯ ಮಣಿ ಉಳಿಯುತ್ತಿತ್ತು. ಅದನ್ನು ಮತ್ತೆ ತೂಗಿದರೆ ಬೆರಕೆಯ ಪ್ರಮಾಣ ಗೊತ್ತಾಗುತ್ತಿತ್ತು. ಮಟ್ಟಕ್ಕೆ ಇಳಿದ ಸಾಮಾನನ್ನು ಅಲ್ಲೇ ಮುರಿದು ಹಿಂದಿರುಗಿಸುತ್ತಿದ್ದರು.

17ನೆಯ ಶತಮಾನದ ಕೊನೆಯ ಹೊತ್ತಿಗೆ ಜನ ನಾಣ್ಯದ ಅಂಚು ಕತ್ತರಿಸಿ, ನಾಣ್ಯವನ್ನೇ ಕರಗಿಸಿ ಪಾತ್ರೆ ಮಾಡಿಸುವುದು ಮಿತಿಮೀರಿತು. ನಾಣ್ಯಕ್ಕೂ ಪಾತ್ರೆಗೂ ಒಂದೇ ಮಟ್ಟವಿದ್ದದ್ದರಿಂದ ಇದು ಸುಲಭವಾಗಿತ್ತು. ಅದನ್ನು ತಡೆಯಲು 1697ರಲ್ಲಿ ಪಾತ್ರೆಯ ಬೆಳ್ಳಿಯ ಮಟ್ಟವನ್ನು ಸಾವಿರಕ್ಕೆ 958ಕ್ಕೆ ಏರಿಸಿದರು. ಸಿಂಹ, ಚಿರತೆಗಳ ಜಾಗದಲ್ಲಿ ಕುಳಿತ ಬ್ರಿಟಾನಿಯಾ ದೇವಿಯ ಮುದ್ರೆಯೂ ಸಿಂಹದ ತಲೆಯ ಮುದ್ರೆಯೂ ಬಂದವು. 1720ರಲ್ಲಿ ಹಳೆಯ ಮಟ್ಟಕ್ಕೆ ಮರಳಿದರೂ ಆ ಇಪ್ಪತ್ತಮೂರು ವರ್ಷಗಳ ಬೆಳ್ಳಿ ಸಂಗ್ರಾಹಕರಿಗೆ ವಿಶೇಷವಾಗಿ ಪ್ರಿಯ. ಇನ್ನು ಅರಸನ ಮುಖದ ಮುದ್ರೆ 1784ರದ್ದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬಲು ಬೆಳ್ಳಿಯ ಮೇಲೆ ಔನ್ಸಿಗೆ ಆರು ಪೆನ್ಸ್ ತೆರಿಗೆ ಹಾಕಿದಾಗ, ತೆರಿಗೆ ಸಂದಿದೆ ಎಂಬುದಕ್ಕೆ ಅದು ರಸೀತಿ. ತೆರಿಗೆ 1890ರಲ್ಲಿ ರದ್ದಾಯಿತು. ಚಮಚದ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿದ್ದರೆ ಅದು 1837ರಿಂದ 1890ರ ನಡುವಿನದು ಎಂದು ಅಕ್ಷರ ನೋಡುವ ಮೊದಲೇ ಹೇಳಬಹುದು. ಹಾಗೆಯೇ ಲಂಡನ್ನಿನ ಚಿರತೆ 1821ರಲ್ಲಿ ತನ್ನ ಕಿರೀಟ ಕಳೆದುಕೊಂಡಿತು. ಕಿರೀಟವಿದ್ದರೆ ಚಮಚ ಅದಕ್ಕಿಂತ ಹಳೆಯದು.

ಊರಿಗೊಂದು ಗುರುತೂ ಇದೆ. ಎಡಿನ್‌ಬರೋಗೆ ಕೋಟೆ, ಡಬ್ಲಿನ್ನಿಗೆ ಕಿರೀಟ ಹೊತ್ತ ಹಾರ್ಪ್ ವಾದ್ಯ. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ನಗರಗಳಿಗೆ ಪರೀಕ್ಷಾ ಕಚೇರಿಗಳು ಮಂಜೂರಾದಾಗ ಮೊದಲನೆಯದಕ್ಕೆ ಲಂಗರು, ಎರಡನೆಯದಕ್ಕೆ ಕಿರೀಟ ದೊರೆತವು. ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮಿಗೆ ಲಂಗರೇಕೆ? ಕಚೇರಿಗಾಗಿ ಪಾರ್ಲಿಮೆಂಟಿನಲ್ಲಿ ಓಡಾಡಿದವರು ಲಂಡನ್ನಿನಲ್ಲಿ ಸಭೆ ಸೇರುತ್ತಿದ್ದ 'ಕ್ರೌನ್ ಅಂಡ್ ಆ್ಯಂಕರ್' ಎಂಬ ಪಾನಗೃಹದ ಹೆಸರನ್ನೇ ಎರಡು ಊರುಗಳು ಹಂಚಿಕೊಂಡವೆಂಬ ಕಥೆ ಪ್ರಚಲಿತವಾಗಿದೆ.

ಚಮಚ ಹಳೆಯದು, ಫೋರ್ಕು ಹೊಸದು

ಇಂದು ಪಾಶ್ಚಾತ್ಯ ಊಟದ ಮೇಜಿನಲ್ಲಿ ಚಮಚ, ಚಾಕು, ಫೋರ್ಕುಗಳು ಒಂದೇ ಕುಟುಂಬದವರಂತೆ ಕಾಣುತ್ತವೆ. ಚರಿತ್ರೆಯಲ್ಲಿ ಅವು ಬೇರೆಬೇರೆ ಕಾಲಕ್ಕೆ ಬಂದವು. ಇಂಗ್ಲೆಂಡಿನಲ್ಲಿ 17ನೆಯ ಶತಮಾನದವರೆಗೂ ಊಟಕ್ಕೆ ಕರೆದವರು ಚಮಚ ಕೊಡುತ್ತಿರಲಿಲ್ಲ. ಬಂದವರೇ ತಮ್ಮ ಚಮಚ, ಚಾಕುಗಳನ್ನು ತರುತ್ತಿದ್ದರು. ಬೆಳ್ಳಿ ಚಮಚ ಆಗ ವ್ಯಕ್ತಿಯ ಸ್ವಂತ ಆಸ್ತಿ. ಮಗುವಿನ ದೀಕ್ಷಾಸ್ನಾನದ ಸಂದರ್ಭದಲ್ಲಿ ಹತ್ತಿರದವರು ಅದನ್ನು ಉಡುಗೊರೆ ಕೊಡುತ್ತಿದ್ದರು. ನಾಮಕರಣಕ್ಕೆ ಬೆಳ್ಳಿಯ ಲೋಟ, ಒಳಲೆ ಕೊಡುವ ನಮ್ಮವರಿಗೆ ಈ ಸಂಪ್ರದಾಯ ಅಪರಿಚಿತವೆನಿಸದು. ಹಿಡಿಯ ತುದಿಯಲ್ಲಿ ಏಸುವಿನ ಶಿಷ್ಯನೊಬ್ಬನ ಪುಟ್ಟ ವಿಗ್ರಹವಿರುವ ಚಮಚಗಳು ಇದಕ್ಕೆ ಹೆಸರುವಾಸಿ. ಹನ್ನೆರಡು ಶಿಷ್ಯರೂ ಏಸುವೂ ಸೇರಿ ಹದಿಮೂರರ ಪೂರ್ಣ ಜೊತೆ. ಒಬ್ಬನೇ ಅಕ್ಕಸಾಲಿಗ ಒಂದೇ ವರ್ಷ ಮಾಡಿದ ಹದಿಮೂರೂ ಒಟ್ಟಿಗೆ ಉಳಿದಿರುವುದು ಬಹು ಅಪರೂಪ.

ಫೋರ್ಕು ಇಟಲಿಯಿಂದ ಬಂದದ್ದು. 1608ರಲ್ಲಿ ಯೂರೋಪು ಸುತ್ತಿ ಬಂದ ಥಾಮಸ್ ಕೋರಿಯಟ್ ಎಂಬ ಇಂಗ್ಲಿಷ್ ಪ್ರವಾಸಿ 1611ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಇಟಲಿಯ ಜನ ಮಾಂಸವನ್ನು ಬೆರಳಿನಿಂದ ಮುಟ್ಟದೆ ಕವಲುಗಳುಳ್ಳ ಉಪಕರಣದಿಂದ ಹಿಡಿದು ಕತ್ತರಿಸುವುದನ್ನು ವಿಸ್ಮಯದಿಂದ ವರ್ಣಿಸಿದ. ತಾಯ್ನಾಡಿಗೆ ಬಂದ ಮೇಲೂ ಅವನು ಅದನ್ನು ಬಳಸುತ್ತಿದ್ದುದರಿಂದ ಗೆಳೆಯರು ಅಡ್ಡಹೆಸರಿಟ್ಟು ಗೇಲಿ ಮಾಡಿದರಂತೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ 1632-33ರ ಮುದ್ರೆಯಿರುವ, ಎರಡೇ ಹಲ್ಲುಗಳ ಬೆಳ್ಳಿ ಫೋರ್ಕೊಂದಿದೆ. ಇಂಗ್ಲೆಂಡಿನಲ್ಲಿ ತಯಾರಾಗಿ ಉಳಿದಿರುವ ಅತಿ ಹಳೆಯ ಫೋರ್ಕುಗಳಲ್ಲಿ ಅದು ಒಂದು. 1660ರಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದ ಮೇಲೆ ಫ್ರೆಂಚ್ ರೀತಿಯ ಊಟ ಬಳಕೆಗೆ ಬಂದು, ಚಮಚ ಮತ್ತು ಫೋರ್ಕುಗಳನ್ನು ಒಂದೇ ಮಾದರಿಯಲ್ಲಿ ಡಜನ್ ಲೆಕ್ಕದಲ್ಲಿ ಮಾಡಿಸುವುದು ಆರಂಭವಾಯಿತು. ಫೋರ್ಕಿಗೆ ಮೊದಲು ಮೂರು ಹಲ್ಲುಗಳಾಗಿ, 18ನೆಯ ಶತಮಾನದ ಉತ್ತರಾರ್ಧದಲ್ಲಿ ನಾಲ್ಕು ಹಲ್ಲುಗಳು ಸಾಮಾನ್ಯವಾದವು.

ಚಮಚದ ಆಕಾರವೂ ತಲೆಮಾರಿಗೊಮ್ಮೆ ಬದಲಾಯಿತು. ಅಂಜೂರದ ಹಣ್ಣಿನಂತಿದ್ದ ಬಟ್ಟಲು ಮೊಟ್ಟೆಯ ಆಕಾರಕ್ಕೆ ಬಂದಿತು. ಕಡ್ಡಿಯಂತಿದ್ದ ಹಿಡಿ ಚಪ್ಪಟೆಯಾಗಿ ತುದಿಯಲ್ಲಿ ಅಗಲವಾಯಿತು. ಸುಮಾರು 1710ರಿಂದ ಬಳಕೆಗೆ ಬಂದ 'ಹ್ಯಾನೋವೇರಿಯನ್' ಮಾದರಿಯಲ್ಲಿ ಹಿಡಿಯ ತುದಿ ಮೇಲಕ್ಕೆ ಬಾಗಿರುತ್ತದೆ. 1760ರ ನಂತರ ಬಂದ 'ಓಲ್ಡ್ ಇಂಗ್ಲಿಷ್' ಮಾದರಿಯಲ್ಲಿ ಕೆಳಕ್ಕೆ ಬಾಗಿರುತ್ತದೆ. ಇದು ಬರಿಯ ಅಲಂಕಾರದ ಮಾತಲ್ಲ. ಮೊದಲ ಕಾಲದಲ್ಲಿ ಮೇಜಿನ ಮೇಲೆ ಚಮಚವನ್ನು ಬೋರಲಾಗಿ ಇಡುತ್ತಿದ್ದರು. ಮನೆತನದ ಲಾಂಛನವನ್ನು ಹಿಡಿಯ ಹಿಂಬದಿಯಲ್ಲಿ ಕೆತ್ತಿಸುತ್ತಿದ್ದದ್ದು ಅದಕ್ಕಾಗಿಯೇ. ಅಂಗಾತ ಇಡುವ ಪದ್ಧತಿ ಬಂದಾಗ ಲಾಂಛನ ಮುಂಬದಿಗೆ ಬಂದಿತು, ತುದಿಯೂ ಕೆಳಕ್ಕೆ ಬಾಗಿತು. ಮುದ್ರೆಗಳ ಜಾಗವೂ ಇದೇ ರೀತಿ ಸಾಕ್ಷಿ ಹೇಳುತ್ತದೆ. ಸುಮಾರು 1780ರವರೆಗೆ ಅವನ್ನು ಬಟ್ಟಲಿನ ಸಮೀಪ, ಹಿಡಿ ತೀರ ಕಿರಿದಾಗಿರುವಲ್ಲಿ ಒತ್ತುತ್ತಿದ್ದರು. ಆಗ ಹಿಡಿಯೂ ಮುದ್ರೆಯೂ ನಜ್ಜುಗುಜ್ಜಾಗುತ್ತಿದ್ದವು. ಆಮೇಲೆ ಅವು ಅಗಲವಾದ ತುದಿಯ ಕಡೆಗೆ ಸರಿದವು.

ಅಕ್ಷರ ಬಾರದಾಕೆಯ ಅಕ್ಷರ

ಮುದ್ರೆಗಳಿಂದಾಗಿ ಬೆಳಕಿಗೆ ಬಂದವರಲ್ಲಿ ಹೆಸ್ಟರ್ ಬೇಟ್‌ಮನ್ ಎಂಬಾಕೆಯ ಕಥೆ ವಿಶಿಷ್ಟವಾದದ್ದು. 1708ರಲ್ಲಿ ಹುಟ್ಟಿದ ಈಕೆಗೆ ಓದುಬರಹ ಬರುತ್ತಿರಲಿಲ್ಲ. ಸರಪಳಿ ಮಾಡುವ ಕಸುಬಿನ ಗಂಡ ಕ್ಷಯದಿಂದ 1760ರಲ್ಲಿ ತೀರಿಕೊಂಡ. ಮರುವರ್ಷ, ಐವತ್ತು ದಾಟಿದ ಈ ವಿಧವೆ ಅಕ್ಕಸಾಲಿಗರ ಭವನಕ್ಕೆ ಹೋಗಿ 'ಎಚ್.ಬಿ.' ಎಂಬ ತನ್ನ ಗುರುತನ್ನು ನೋಂದಾಯಿಸಿದಳು. ಲಂಡನ್ನಿನ ಬನ್‌ಹಿಲ್ ರೋ ಬೀದಿಯ ಕಾರ್ಖಾನೆಯಲ್ಲಿ ಮಕ್ಕಳ ಜೊತೆ ಸೇರಿ ಕಸುಬು ಮುಂದುವರಿಸಿದಳು. ಮೊದಮೊದಲು ಹೆಚ್ಚಾಗಿ ಚಮಚಗಳು, ಅವೂ ಬೇರೆ ಅಂಗಡಿಗಳಿಗಾಗಿ. ಕ್ರಮೇಣ ಟೀ ಪಾತ್ರೆ, ತಟ್ಟೆ, ಹೂಜಿಗಳು. ತೆಳುವಾಗಿ ಅರೆದ ಬೆಳ್ಳಿಯ ತಗಡು ಬಳಸಿ, ಮಧ್ಯಮ ವರ್ಗದವರಿಗೂ ಎಟಕುವ ಬೆಲೆಯಲ್ಲಿ ಸೊಗಸಾದ ಸಾಮಾನು ಮಾಡಿದ್ದು ಆ ಕಾರ್ಖಾನೆಯ ಹೆಗ್ಗಳಿಕೆ. 1790ರಲ್ಲಿ ನಿವೃತ್ತಳಾಗಿ ಆಕೆ 1794ರಲ್ಲಿ ತೀರಿಕೊಂಡಳು. ಮಕ್ಕಳೂ ಸೊಸೆಯೂ ಕಾರ್ಖಾನೆಯನ್ನು ನಡೆಸಿದರು.

ಎರಡು ಶತಮಾನಗಳ ನಂತರ ಹೆಸ್ಟರ್ ಬೇಟ್‌ಮನ್‌ಳ ಚಮಚಕ್ಕೆ ಅದೇ ವರ್ಷದ, ಅದೇ ತೂಕದ ಬೇರೆಯವರ ಚಮಚಕ್ಕಿಂತ ಹೆಚ್ಚು ಬೆಲೆ. ಅದರ ಬೆಳ್ಳಿ ಹೆಚ್ಚು ಶುದ್ಧವೇನಲ್ಲ. ಓದುಬರಹ ಬಾರದ ಹೆಂಗಸೊಬ್ಬಳ ಹೆಸರಿನ ಎರಡು ಅಕ್ಷರಗಳು ಅದರ ಮೇಲಿವೆ, ಅಷ್ಟೆ.

ಬೆಲೆ ಕಟ್ಟುವ ಬಗೆ

ಹಳೆಯ ಬೆಳ್ಳಿಗೆ ತೂಕದ ಬೆಲೆ ಎಂಬುದು ತಳ. ಅದಕ್ಕಿಂತ ಕೆಳಗೆ ಅದು ಇಳಿಯದು. ಈ ತೂಕವನ್ನು ಟ್ರಾಯ್ ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಎಂದರೆ 31.1 ಗ್ರಾಂ, ನಮ್ಮ ಎರಡೂಮುಕ್ಕಾಲು ತೊಲಕ್ಕೆ ತುಸು ಕಡಿಮೆ. 18ನೆಯ ಶತಮಾನದ ಊಟದ ದೊಡ್ಡ ಚಮಚ ಸುಮಾರು ಎರಡು ಔನ್ಸ್ ತೂಗುತ್ತದೆ. ಆ ತಳದಿಂದ ಮೇಲಕ್ಕೆ ಬೆಲೆ ಎಷ್ಟು ಏರಬೇಕೆಂಬುದನ್ನು ವಯಸ್ಸು, ತಯಾರಕ, ಊರು, ಅಪರೂಪತೆ ಮತ್ತು ಮುಖ್ಯವಾಗಿ ಸ್ಥಿತಿ ನಿರ್ಧರಿಸುತ್ತವೆ.

ಸ್ಥಿತಿಯನ್ನು ನೋಡುವುದು ಒಂದು ವಿದ್ಯೆ. ದಿನವೂ ತಟ್ಟೆಗೆ ಉಜ್ಜಿ ಉಜ್ಜಿ ಚಮಚದ ಬಟ್ಟಲಿನ ತುದಿ ಸವೆಯುತ್ತದೆ, ಬಹುಪಾಲು ಒಂದೇ ಪಕ್ಕಕ್ಕೆ. ಏಕೆಂದರೆ ಹೆಚ್ಚಿನವರು ಬಲಗೈಯಲ್ಲಿ ಉಣ್ಣುವವರು. ಸವೆದದ್ದನ್ನು ಅರದಿಂದ ಉಜ್ಜಿ ಸಮ ಮಾಡಿದ್ದರೆ ಬಟ್ಟಲು ಗಿಡ್ಡವಾಗಿರುತ್ತದೆ. ಫೋರ್ಕಿನ ಹಲ್ಲುಗಳು ಇನ್ನೂ ಬೇಗ ಸವೆಯುತ್ತವೆ. ಹಳೆಯ ಚಮಚಗಳಿಗಿಂತ ಹಳೆಯ ಫೋರ್ಕುಗಳು ಕಡಿಮೆ ಉಳಿದಿರುವುದಕ್ಕೂ ಅವುಗಳ ಬೆಲೆ ಹೆಚ್ಚಿರುವುದಕ್ಕೂ ಇದೊಂದು ಕಾರಣ. ಲಾಂಛನವನ್ನು ಅಳಿಸಿದ ಜಾಗವನ್ನು ಬೆರಳಿನ ನಡುವೆ ಹಿಡಿದರೆ ಲೋಹ ತೆಳ್ಳಗಾಗಿರುವುದು ತಿಳಿಯುತ್ತದೆ. ಹಿಂದಿನ ಮಾಲೀಕರ ಲಾಂಛನ ಇರುವುದು ಲೋಪವೆಂದು ಹೊಸಬರು ತಿಳಿಯುತ್ತಾರೆ. ಬಲ್ಲವರು ಅದನ್ನೇ ಹುಡುಕುತ್ತಾರೆ.

ಅತಿಯಾದ ಹೊಳಪೂ ಗುಣವಲ್ಲ. ಇನ್ನೂರು ವರ್ಷ ಕೈಯಲ್ಲಿ ಆಡಿದ ಬೆಳ್ಳಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಸೇರಿ ಮೃದುವಾದ ಕಾಂತಿ ಬಂದಿರುತ್ತದೆ. ಮೆರುಗಿನ ಯಂತ್ರಕ್ಕೆ ಕೊಟ್ಟರೆ ಅದೂ ಹೋಗುತ್ತದೆ, ಮುದ್ರೆಗಳ ಅಂಚೂ ಹೋಗುತ್ತದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ. ಮೊಟ್ಟೆಯಲ್ಲಿಯೂ ಅದು ಇರುವುದರಿಂದ ಮೊಟ್ಟೆ ತಿನ್ನುವ ಚಮಚದ ಬಟ್ಟಲಿಗೆ ಚಿನ್ನದ ನೀರು ಹಾಕಿಸುತ್ತಿದ್ದರು. ಆ ಕಪ್ಪನ್ನು ಪ್ರತಿಸಲ ಉಜ್ಜಿ ತೆಗೆದಾಗಲೂ ಕಣದಷ್ಟು ಬೆಳ್ಳಿ ಹೋಗುತ್ತದೆ. ವಿಭೂತಿಯಿಂದ ತಿಕ್ಕುವ ನಮ್ಮ ರೂಢಿಗೂ ಈ ಮಾತು ಅನ್ವಯಿಸುತ್ತದೆ. ಹಳೆಯ ಬೆಳ್ಳಿಗೆ ಬೆಚ್ಚಗಿನ ಸಾಬೂನಿನ ನೀರು, ಮೆತ್ತನೆಯ ಬಟ್ಟೆ, ಮತ್ತು ಬಳಕೆ ಇವೇ ಉತ್ತಮ. ರಬ್ಬರಿನ ಪಟ್ಟಿ ಸುತ್ತಿಡುವುದಂತೂ ಸಲ್ಲದು, ಅದರಲ್ಲೂ ಗಂಧಕವಿದೆ.

ಡಜನ್ ಚಮಚಗಳೂ ಡಜನ್ ಫೋರ್ಕುಗಳೂ ಒಬ್ಬನೇ ತಯಾರಕನವು, ಒಂದೇ ವರ್ಷದವು ಆಗಿದ್ದರೆ ಅದು ಬಿಡಿಬಿಡಿಯಾಗಿ ಕೂಡಿಸಿದ ಜೊತೆಗಿಂತ ಬಹಳ ಹೆಚ್ಚಿನದು. ಚಾಕುಗಳ ಲೆಕ್ಕ ಬೇರೆ. ಅವುಗಳ ಬೆಳ್ಳಿ ಹಿಡಿ ಟೊಳ್ಳು. ಒಳಗೆ ರಾಳ ತುಂಬಿರುತ್ತಾರೆ, ಅಲಗು ಉಕ್ಕಿನದು. ತೂಕದ ಲೆಕ್ಕಕ್ಕೆ ಅವು ಬರುವುದಿಲ್ಲ. ಉಕ್ಕು ತುಕ್ಕು ಹಿಡಿದು, ಹಿಡಿ ಬಿರುಕು ಬಿಟ್ಟು, ಹಳೆಯ ಚಾಕುಗಳು ಸುಸ್ಥಿತಿಯಲ್ಲಿ ದೊರೆಯುವುದೇ ಕಡಿಮೆ.

ಮುದ್ರೆ ಇದ್ದಲ್ಲಿ ಮೋಸ

ಗುರುತಿಗೆ ಬೆಲೆ ಬಂದ ಮೇಲೆ ಖೋಟಾ ಗುರುತೂ ಬಾರದಿರದು. 18ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಸುಳ್ಳು ಮುದ್ರೆ ಒತ್ತುವುದಕ್ಕೆ ಮರಣದಂಡನೆಯನ್ನೇ ವಿಧಿಸಿದ್ದರು. ಆಗಿನ ವಂಚನೆ ತೆರಿಗೆ ತಪ್ಪಿಸುವುದಕ್ಕಾಗಿ. ತೆರಿಗೆ ಕಟ್ಟಿದ ಸಣ್ಣ ಸಾಮಾನಿನ ಮುದ್ರೆಗಳನ್ನು ಕತ್ತರಿಸಿ ತೆಗೆದು ದೊಡ್ಡ ಪಾತ್ರೆಗೆ ಬೆಸೆಯುತ್ತಿದ್ದರು. ಈಗಿನ ವಂಚನೆ ಸಂಗ್ರಾಹಕರನ್ನು ಗುರಿಯಾಗಿಟ್ಟುಕೊಂಡದ್ದು. ಹಳೆಯ ಫೋರ್ಕುಗಳು ದುಬಾರಿಯಾದದ್ದರಿಂದ, ನಿಜವಾದ ಹಳೆಯ ಚಮಚವನ್ನೇ ಬಡಿದು ಚಪ್ಪಟೆ ಮಾಡಿ, ಹಲ್ಲು ಕತ್ತರಿಸಿ ಫೋರ್ಕು ಮಾಡುವವರಿದ್ದಾರೆ. ಮುದ್ರೆ ಅಸಲಿ, ವಸ್ತು ನಕಲಿ! ವಿಕ್ಟೋರಿಯಾ ಕಾಲದಲ್ಲಂತೂ ಯಾವ ದುರುದ್ದೇಶವೂ ಇಲ್ಲದೆ, ಅಜ್ಜಂದಿರ ಕಾಲದ ಸರಳ ಚಮಚಗಳ ಬಟ್ಟಲಿನಲ್ಲಿ ಹಣ್ಣುಗಳ ಚಿತ್ತಾರ ಉಬ್ಬಿಸಿ 'ಬೆರಿ ಚಮಚ' ಮಾಡಿದರು.

ಅಸಲಿ ಚಮಚದಿಂದ ಅಚ್ಚು ತೆಗೆದು ಎರಕ ಹೊಯ್ಯುವುದು ಇನ್ನೊಂದು ವಿಧ. ಇದನ್ನು ಪತ್ತೆ ಹಚ್ಚುವ ಉಪಾಯ ಸರಳವಾದದ್ದು. ಹಿಂದೆ ಪ್ರತಿ ಚಮಚಕ್ಕೂ ಮುದ್ರೆಯನ್ನು ಕೈಯಿಂದ ಬಡಿದು ಒತ್ತುತ್ತಿದ್ದರು. ಆದ್ದರಿಂದ ಆರು ಚಮಚಗಳಿದ್ದರೆ ಆರರಲ್ಲೂ ಮುದ್ರೆಗಳ ಅಂತರ, ಓರೆ ತುಸು ಬೇರೆಯಾಗಿರಲೇಬೇಕು. ಆರರಲ್ಲೂ ಮುದ್ರೆಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಜಾಗದಲ್ಲಿದ್ದರೆ ಅನುಮಾನ ಪಡಬೇಕು. ವ್ಯತ್ಯಾಸವೇ ಇಲ್ಲಿ ಅಸಲಿತನಕ್ಕೆ ಸಾಕ್ಷಿ.

ಬೆಳ್ಳಿಯಂತೆ ಕಾಣುವ ಬೇರೆ ಲೋಹಗಳ ಬಗೆಗೂ ಎಚ್ಚರ ಬೇಕು. 1740ರ ದಶಕದ ಆರಂಭದಲ್ಲಿ ಶೆಫೀಲ್ಡಿನ ಥಾಮಸ್ ಬೋಲ್ಸೋವರ್ ತಾಮ್ರದ ಮೇಲೆ ಬೆಳ್ಳಿಯ ತಗಡನ್ನು ಬೆಸೆಯುವ ವಿಧಾನ ಕಂಡುಹಿಡಿದ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ಹಕ್ಕುಪತ್ರ ಪಡೆಯಿತು. ಇಂಥ ಸಾಮಾನಿನ ಮೇಲೆ 'ಇ.ಪಿ.ಎನ್.ಎಸ್.' ಎಂಬ ನಾಲ್ಕು ಅಕ್ಷರಗಳನ್ನು ಬಿಡಿಬಿಡಿ ಚೌಕಟ್ಟುಗಳಲ್ಲಿ ಹಾಲ್‌ಮಾರ್ಕಿನಂತೆಯೇ ಒತ್ತಿರುತ್ತಾರೆ. ಅದರೊಳಗಿನ ಲೋಹ ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ. ನಮ್ಮಲ್ಲಿ 'ಜರ್ಮನ್ ಸಿಲ್ವರ್' ಎಂದು ಮಾರಾಟವಾಗುವುದು ಇದೇ. ಹೆಸರಿನಲ್ಲಿ ಬೆಳ್ಳಿ ಇದೆಯೇ ಹೊರತು ಲೋಹದಲ್ಲಿಲ್ಲ.

ಮದರಾಸು, ಬೆಂಗಳೂರು

ಬ್ರಿಟಿಷರೊಡನೆ ಈ ಚಮಚ, ಫೋರ್ಕುಗಳು ಭಾರತಕ್ಕೂ ಬಂದವು. ಕಲ್ಕತ್ತದ ಹ್ಯಾಮಿಲ್ಟನ್, ಮದರಾಸಿನ ಪಿ. ಓರ್ ಮುಂತಾದ ಕಂಪನಿಗಳು ಅಧಿಕಾರಿಗಳಿಗೂ ಸೈನಿಕ ತುಕಡಿಗಳ ಭೋಜನಶಾಲೆಗಳಿಗೂ ಇಲ್ಲಿಯೇ ಬೆಳ್ಳಿ ಸಾಮಾನು ಮಾಡಿಸಿ ಕೊಡುತ್ತಿದ್ದವು. ಕೆಲಸ ಮಾಡುವ ಕೈಗಳು ಇಲ್ಲಿನ ಅಕ್ಕಸಾಲಿಗರವು. ಲೋಹ ಅನೇಕ ವೇಳೆ ಕರಗಿಸಿದ ಬೆಳ್ಳಿ ರೂಪಾಯಿ. ದೇವತೆಗಳ ಉಬ್ಬುಚಿತ್ರಗಳಿರುವ ಮದರಾಸಿನ ಕೆಲಸ 'ಸ್ವಾಮಿ ಬೆಳ್ಳಿ' ಎಂದು ಹೆಸರಾಯಿತು. ಕಚ್ಛದ ಭುಜ್‌ನಲ್ಲಿ ಉಮರ್ಸಿ ಮಾವ್‌ಜಿ ಬಳ್ಳಿಗಳ ಸೂಕ್ಷ್ಮ ಕೆತ್ತನೆಗೆ ಖ್ಯಾತನಾಗಿ, ತನ್ನ ಹೆಸರಿನ ಮೊದಲಕ್ಷರಗಳ ಜೊತೆ ಊರಿನ ಹೆಸರನ್ನೂ ಒತ್ತುತ್ತಿದ್ದ. ಬೆಂಗಳೂರು ದಂಡು ಪ್ರದೇಶದ ಸೌತ್ ಪರೇಡಿನಲ್ಲಿ ಬಾರ್ಟನ್ ಕಂಪನಿಯ ಮಳಿಗೆಯಿತ್ತು. ಆ ರಸ್ತೆ ಇಂದು ಮಹಾತ್ಮ ಗಾಂಧಿ ರಸ್ತೆ. ಬಾರ್ಟನ್ ಸೆಂಟರ್ ಕಟ್ಟಡ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಬಾರ್ಟನ್ ಹೆಸರಿನ ಬೆಂಗಳೂರು ಬೆಳ್ಳಿ ಇಂದಿಗೂ ಆಗಾಗ ಹರಾಜಿಗೆ ಬರುವುದುಂಟು.

ಬ್ರಿಟಿಷರು ತಮ್ಮ ನಾಡಿನಲ್ಲಿ ಶತಮಾನಗಳಿಂದ ನಡೆಸಿಕೊಂಡು ಬಂದಿದ್ದ ಪರೀಕ್ಷಾ ಮುದ್ರೆಯ ಪದ್ಧತಿಯನ್ನು ಇಲ್ಲಿನ ಬೆಳ್ಳಿ ಸಾಮಾನಿಗೆ ತರಲಿಲ್ಲ. ಕಂಪನಿಗಳು ತಮ್ಮ ಹೆಸರನ್ನೋ ಇಂಗ್ಲೆಂಡಿನ ಮುದ್ರೆಗಳನ್ನು ಹೋಲುವ ಚಿಹ್ನೆಗಳನ್ನೋ ಒತ್ತಿಕೊಂಡವು. ಸಾಮಾನನ್ನು ನಿಜವಾಗಿ ಮಾಡಿದ ಅಕ್ಕಸಾಲಿಗನ ಹೆಸರು ಬಹುಪಾಲು ಎಲ್ಲಿಯೂ ಇಲ್ಲ. ಹೆಸ್ಟರ್ ಬೇಟ್‌ಮನ್‌ಳನ್ನು ಎರಡು ಅಕ್ಷರಗಳು ಉಳಿಸಿದವು. ಮದರಾಸು, ಬೆಂಗಳೂರುಗಳ ಕುಶಲಕರ್ಮಿಗಳಿಗೆ ಆ ಎರಡು ಅಕ್ಷರಗಳೂ ದಕ್ಕಲಿಲ್ಲ. ಭಾರತದಲ್ಲಿ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ ಚಿನ್ನಕ್ಕೆ 2000ದಲ್ಲಿ, ಬೆಳ್ಳಿಗೆ 2005ರಲ್ಲಿ ಬಂದಿತು. ಅದಕ್ಕಿಂ‌ತ ಹಿಂದಿನ ನಮ್ಮ ಬೆಳ್ಳಿಯ ಚರಿತ್ರೆಯನ್ನು ಕೆಲಸದ ರೀತಿ, ಮಾದರಿ, ಮನೆತನದ ನೆನಪುಗಳಿಂದಲೇ ಕಟ್ಟಿಕೊಳ್ಳಬೇಕಾಗಿದೆ.

ಮತ್ತೆ ಮೂಸೆಯ ಮುಂದೆ

ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ ಮೇಲೆ ಬೆಳ್ಳಿಯ ಚಮಚದ ದಿನಬಳಕೆ ಕ್ರಮೇಣ ಕುಂದಿತು. ಮನೆಗೆಲಸದವರನ್ನಿಟ್ಟು ಬೆಳ್ಳಿ ಉಜ್ಜಿಸುವ ಕಾಲವೂ ಹೋಯಿತು. ಬಳಕೆಯಿಂದ ಜಾರಿದ ವಸ್ತುವಿಗೆ ಉಳಿಯುವುದು ತೂಕ ಮಾತ್ರ. ಅಮೆರಿಕದ ಹಂಟ್ ಸೋದರರು ಬೆಳ್ಳಿಯನ್ನು ಭಾರಿ ಪ್ರಮಾಣದಲ್ಲಿ ಕೊಂಡು ಕೂಡಿಹಾಕಿದ್ದರಿಂದ 1980ರ ಜನವರಿಯಲ್ಲಿ ಬೆಲೆ ಔನ್ಸಿಗೆ 50 ಡಾಲರಿನ ಸಮೀಪಕ್ಕೆ ಏರಿತು. ಅಮೆರಿಕ, ಬ್ರಿಟನ್‌ಗಳಲ್ಲಿ ಜನ ಅಜ್ಜಿಯ ಕಾಲದ ಚಮಚಗಳನ್ನು ಗಂಟುಕಟ್ಟಿ ತಂದು ಕರಗಿಸಲು ಕೊಟ್ಟರು. ಮಾರ್ಚ್ ತಿಂಗಳ ಕೊನೆಯ ಹೊತ್ತಿಗೆ ಬೆಲೆ 11 ಡಾಲರಿಗೆ ಕುಸಿಯಿತು. ಕರಗಿದ ಚಮಚಗಳು ಮಾತ್ರ ಹಿಂದಿರುಗಲಿಲ್ಲ.

2025ರ ಅಕ್ಟೋಬರಿನಲ್ಲಿ ಬೆಳ್ಳಿ 1980ರ ದಾಖಲೆಯನ್ನು ದಾಟಿತು. ಹೆಸರಾಂತ ತಯಾರಕರ ಅಪರೂಪದ ಸಾಮಾನಿಗೆ ಇದರಿಂದ ಅಪಾಯವಿಲ್ಲ. ಅದರ ಬೆಲೆ ಲೋಹಕ್ಕಿಂತ ಎಷ್ಟೋ ಮೇಲಿದೆ. ಅಪಾಯವಿರುವುದು ಸಾಧಾರಣ ಚಮಚಗಳಿಗೆ, ತೂಕದ ಬೆಲೆ ಚರಿತ್ರೆಯ ಬೆಲೆಯನ್ನು ಮೀರಿದಂಥವಕ್ಕೆ. ಸಾವಿರಾರು ಸಾಮಾನ್ಯ ಕುಟುಂಬಗಳು ಹೇಗೆ ಉಂಡವು, ಏನನ್ನು ಮೆಚ್ಚಿದವು, ಯಾರ ಕೈಕೆಲಸಕ್ಕೆ ಮಜೂರಿ ಕೊಟ್ಟವು ಎಂಬುದನ್ನು ಹೇಳುವುದು ಅರಮನೆಯ ಬೆಳ್ಳಿಗಿಂತ ಹೆಚ್ಚಾಗಿ ಇವೇ.

ಏಳು ನೂರು ವರ್ಷಗಳ ಹಿಂದೆ ಚಿರತೆಯ ತಲೆಯ ಮುದ್ರೆ ಹುಟ್ಟಿದ್ದು, ಈ ಬೆಳ್ಳಿಯನ್ನು ಯಾವಾಗ ಬೇಕಾದರೂ ನಂಬಿ ಕರಗಿಸಬಹುದು ಎಂಬ ಭರವಸೆ ಕೊಡಲು. ಇಂದು ಅದೇ ಮುದ್ರೆ ಅದನ್ನು ಕರಗಿಸಬಾರದೆಂಬುದಕ್ಕೆ ಕಾರಣವಾಗಿದೆ. ಹಳೆಯ ಪೆಟ್ಟಿಗೆಯಲ್ಲಿ ಕಪ್ಪಾದ ಚಮಚವೊಂದು ಸಿಕ್ಕಿದರೆ ಅದನ್ನು ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಮಗುಚಿ ನೋಡುವುದು ಒಳ್ಳೆಯದು. ತೂಕ ನಾಳೆಯೂ ಅಷ್ಟೇ ಇರುತ್ತದೆ. ಮೂಸೆಗೆ ಹೋದ ಅಕ್ಷರ ಮತ್ತೆ ಓದಲು ಸಿಗುವುದಿಲ್ಲ.